ಫೋನ್ ಅಡ್ಡ ಹಿಡಿದರೂ ಸ್ಕ್ರೀನ್ ತಿರುಗುತ್ತಿಲ್ಲ, ಬೋರ್ಡ್ ಬದಲಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಶಿರಸಿ ಕಡೆಯವಳು, ಹೈಸ್ಕೂಲ್ ಟೀಚರ್. ನನ್ನದು ಎರಡೂವರೆ ವರ್ಷ ಹಳೆಯ ಆ್ಯಂಡ್ರಾಯ್ಡ್ ಫೋನ್. ಮಳೆಗಾಲ ಶುರುವಾಗುವ ಹೊತ್ತಿಗೆ ಕೈಯಿಂದ ಬಿದ್ದು ಡಿಸ್‌ಪ್ಲೇ ಒಡೆಯಿತು. ಇಲ್ಲೇ ಒಂದು ಅಂಗಡಿಯಲ್ಲಿ ಹೊಸದು ಹಾಕಿಸಿದೆ. ಆಮೇಲಿಂದ ಫೋನ್ ಅಡ್ಡ ಹಿಡಿದರೆ ಸ್ಕ್ರೀನ್ ತಾನಾಗಿ ತಿರುಗುವುದಿಲ್ಲ. ಒಮ್ಮೊಮ್ಮೆ ತಿರುಗುತ್ತದೆ, ಮತ್ತೆ ಅರ್ಧ ಗಂಟೆ ಏನೂ ಇಲ್ಲ. ಆಟೊ ರೊಟೇಟ್ ಆನ್ ಇದೆ, ಚೆನ್ನಾಗಿ ನೋಡಿದ್ದೇನೆ. ರೀಸ್ಟಾರ್ಟ್ ಕೂಡ ಮಾಡಿದೆ. ಯೂಟ್ಯೂಬ್‌ನಲ್ಲಿ ಮೂಲೆಯ ಬಟನ್ ಒತ್ತಿದರೆ ಮಾತ್ರ ಅಡ್ಡ ಆಗುತ್ತದೆ. ಅಂಗಡಿಯವರು "ಸೆನ್ಸರ್ ಹೋಗಿದೆ ಮೇಡಂ, ಬೋರ್ಡೇ ಬದಲಿಸಬೇಕು" ಅನ್ನುತ್ತಾರೆ. ಆ ದುಡ್ಡಿಗೆ ಇನ್ನೊಂದು ಫೋನೇ ಬರುತ್ತದೆ ಅಂತ ಮಗ ಹೇಳುತ್ತಾನೆ. ಫ್ಯಾಕ್ಟರಿ ರಿಸೆಟ್ ಮಾಡಿ ನೋಡಲಾ? ದಯವಿಟ್ಟು ತಿಳಿಸಿ.

ಉತ್ತರ:

ಮೇಡಂ, ಬೋರ್ಡೂ ಬೇಡ, ರಿಸೆಟ್ಟೂ ಬೇಡ. ಸದ್ಯಕ್ಕೆ ಎರಡನ್ನೂ ಪಕ್ಕಕ್ಕಿಡಿ.

ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಎರಡು ವಿಷಯ. ಒಂದು, ಒಮ್ಮೊಮ್ಮೆ ತಿರುಗುತ್ತದೆ ಅನ್ನುವುದು. ಇನ್ನೊಂದು, ಇದೆಲ್ಲ ಶುರುವಾದದ್ದು ಡಿಸ್‌ಪ್ಲೇ ಹಾಕಿಸಿದ ಮೇಲೆ ಅನ್ನುವುದು. ಸೆನ್ಸರ್ ನಿಜವಾಗಿ ಸತ್ತಿದ್ದರೆ ಅದು ಯಾವತ್ತೂ ತಿರುಗಬಾರದು. ಬಿದ್ದ ಪೆಟ್ಟಿಗೆ ಬೆಸುಗೆ ಬಿರುಕು ಬಿಟ್ಟು ಆಗಾಗ ಕೈಕೊಡುವುದು ಇಲ್ಲವೇ ಇಲ್ಲ ಅಂತಲ್ಲ, ಆದರೆ ಅಪರೂಪ. ಇನ್ನು ಸ್ಕ್ರೀನ್ ತಿರುಗಿಸುವ ಸೆನ್ಸರ್ ಡಿಸ್‌ಪ್ಲೇಯಲ್ಲಿ ಇರುವುದೇ ಇಲ್ಲ, ಅದಿರುವುದು ಬೋರ್ಡ್ ಮೇಲೆ, ಅಂದರೆ ಫೋನಿನ ಚಿಪ್‌ಗಳೆಲ್ಲ ಕೂತಿರುವ ಮುಖ್ಯ ಹಲಗೆಯ ಮೇಲೆ. ಹಾಗಾಗಿ ಡಿಸ್‌ಪ್ಲೇ ಬದಲಿಸಿದ್ದರಿಂದ ಸೆನ್ಸರ್ ಹೋಯಿತು ಅನ್ನುವ ಮಾತು ಅಷ್ಟು ಸುಲಭವಾಗಿ ಕೂಡುವುದಿಲ್ಲ. ನನಗೆ ಮೊದಲ ಅನುಮಾನ ಹೊಸ ಡಿಸ್‌ಪ್ಲೇಯ ಟಚ್ ಮೇಲೆ. ಟಚ್‌ಗೂ ತಿರುಗುವುದಕ್ಕೂ ಏನು ಸಂಬಂಧ ಅಂತ ಕೇಳುತ್ತೀರಿ ಅಲ್ವಾ? ಇದೆ, ಅದಕ್ಕೇ ಬರುತ್ತೇನೆ. ಅದಕ್ಕೂ ಮೊದಲು ಸೆನ್ಸರ್ ಬದುಕಿದೆಯಾ ಇಲ್ಲವಾ ಅನ್ನುವುದನ್ನು ನೀವೇ ನೋಡಿಬಿಡಿ. ಐದು ನಿಮಿಷದ ಕೆಲಸ, ಖರ್ಚಿಲ್ಲ, ಸ್ಕ್ರೂಡ್ರೈವರ್ ಬೇಡ. ಅದು ಗೊತ್ತಾಗದೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ.

ಆ ಸೆನ್ಸರ್ ಹೆಸರು ಆಕ್ಸೆಲರೊಮೀಟರ್. ಸುಮಾರು 2.5 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರಿಗಿಂತ ಕಡಿಮೆ ದಪ್ಪದ ಚಿಪ್. ಅದರೊಳಗೆ ಸಿಲಿಕಾನ್‌ನಲ್ಲೇ ಕೊರೆದ ಒಂದು ಸಣ್ಣ ತುಂಡು, ಸಿಲಿಕಾನ್‌ನದೇ ಸ್ಪ್ರಿಂಗ್‌ಗಳ ಮೇಲೆ ತೂಗಾಡುತ್ತಿರುತ್ತದೆ. ಬ್ರೇಕ್ ಹಾಕಿದಾಗ ಬಸ್ಸಿನಲ್ಲಿ ನಿಂತವರು ಒಂದು ಕಡೆಗೆ ವಾಲುತ್ತಾರಲ್ಲ, ಹಾಗೆ ಅದೂ ವಾಲುತ್ತದೆ. ಎಷ್ಟು ವಾಲಿತು ಅನ್ನುವುದನ್ನು ಪಕ್ಕದಲ್ಲಿರುವ ಬಾಚಣಿಗೆ ಹಲ್ಲಿನಂಥ ಎಳೆಗಳ ನಡುವಿನ ವಿದ್ಯುತ್ ಧಾರಣೆ ಬದಲಾದದ್ದರಿಂದ ಅಳೆಯುತ್ತಾರೆ. ಫೋನ್ ಅಲ್ಲಾಡದೆ ಇದ್ದಾಗಲೂ ಭೂಮಿ ಅದನ್ನು ಎಳೆಯುತ್ತಲೇ ಇರುತ್ತದೆ. ಹಾಗಾಗಿ ಕೆಳಗೆ ಅಂದರೆ ಯಾವ ಕಡೆ ಅಂತ ಫೋನಿಗೆ ಯಾವಾಗಲೂ ಗೊತ್ತಿರುತ್ತದೆ. ಸ್ಕ್ರೀನ್ ತಿರುಗಿಸಲು ಇಷ್ಟು ಸಾಕು. ಗೈರೊಸ್ಕೋಪ್, ಅಂದರೆ ಫೋನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಅಳೆಯುವ ಇನ್ನೊಂದು ಸೆನ್ಸರ್, ಬೇಕು ಅಂತ ಕೆಲವರು ಹೇಳುತ್ತಾರೆ, ಬೇಡ. ಗೈರೊ ಇಲ್ಲದ ಅಗ್ಗದ ಫೋನುಗಳಲ್ಲೂ ಸ್ಕ್ರೀನ್ ಚೆನ್ನಾಗಿಯೇ ತಿರುಗುತ್ತದೆ.

ಈಗ ಪರೀಕ್ಷೆ. ಪ್ಲೇ ಸ್ಟೋರ್‌ನಲ್ಲಿ ಫೈಫಾಕ್ಸ್ ಅಂತ ಒಂದು ಆ್ಯಪ್ ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಕ್ಕಳಿಗೆ ಭೌತಶಾಸ್ತ್ರ ಕಲಿಸಲು ಮಾಡಿದ್ದು, ಉಚಿತ. ನೀವು ಟೀಚರ್, ಕ್ಲಾಸಿಗೂ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಜಿ ಸಹಿತದ (with g) ಆಕ್ಸಿಲರೇಶನ್ ಅನ್ನುವುದನ್ನು ತೆರೆದು ಶುರು ಮಾಡಿ, ಜಿ ಅಂದರೆ ಭೂಮಿಯ ಎಳೆತ. ಎಕ್ಸ್, ವೈ, ಝಡ್ ಅಂತ ಮೂರು ಗೆರೆ ಓಡುತ್ತವೆ. ಫೋನನ್ನು ಟೇಬಲ್ ಮೇಲೆ ಮಲಗಿಸಿದರೆ ಝಡ್ 9.8 ಹತ್ತಿರ ಇರಬೇಕು, ಉಳಿದೆರಡು ಸೊನ್ನೆಯ ಹತ್ತಿರ. ನೆಟ್ಟಗೆ ನಿಲ್ಲಿಸಿದರೆ ವೈ 9.8ಕ್ಕೆ ಏರಬೇಕು. ಅಡ್ಡ ಮಾಡಿದರೆ ಎಕ್ಸ್ ಏರಬೇಕು, ಇಲ್ಲವೇ ಇನ್ನೊಂದು ಬದಿಗೆ ಅಡ್ಡ ಮಾಡಿದರೆ ಮೈನಸ್ 9.8ಕ್ಕೆ ಇಳಿಯಬೇಕು. ನಮ್ಮ ಕರ್ನಾಟಕದಲ್ಲಿ ನಿಜವಾದ ಲೆಕ್ಕ 9.78ರ ಆಸುಪಾಸು. ಫೋನ್ 9.6 ತೋರಿಸಲಿ, 10 ತೋರಿಸಲಿ, ತಲೆ ಕೆಡಿಸಿಕೊಳ್ಳಬೇಡಿ. ಸ್ಕ್ರೀನ್ ತಿರುಗಿಸಲು ಅಷ್ಟು ನಿಖರತೆ ಬೇಕಿಲ್ಲ. ನೋಡಬೇಕಾದದ್ದು ಒಂದೇ: ಫೋನ್ ತಿರುಗಿಸಿದ ಹಾಗೆ ಅಂಕಿ ತಿರುಗುತ್ತಿದೆಯಾ?

ಆ್ಯಪ್ ಹಾಕಿಕೊಳ್ಳುವುದು ಬೇಡ ಅನ್ನಿಸಿದರೆ, ಸ್ಯಾಮ್‌ಸಂಗ್ ಫೋನಾದರೆ ಡಯಲ್ ಮಾಡುವ ಜಾಗದಲ್ಲಿ *#0*# ಒತ್ತಿ, ಟೆಸ್ಟ್ ಮೆನು ಬರುತ್ತದೆ, ಅದರಲ್ಲಿ ಸೆನ್ಸರ್ ಅಂತಿದೆ. ಶಿಯೋಮಿ ಮತ್ತು ರೆಡ್ಮಿಯಲ್ಲಿ *#*#6484#*#*. ಇನ್ನೂ ಸುಲಭದ ಸುಳಿವುಗಳಿವೆ. ನಡೆದ ಹೆಜ್ಜೆ ಎಣಿಸುತ್ತಿದೆಯಾ? ಟೇಬಲ್ ಮೇಲಿಂದ ಎತ್ತಿದ ಕೂಡಲೇ ಸ್ಕ್ರೀನ್ ಹತ್ತಿಕೊಳ್ಳುವ ಸೌಲಭ್ಯ ಇದ್ದರೆ ಅದು ನಡೆಯುತ್ತಿದೆಯಾ? ಮಗನ ಕಾರ್ ರೇಸ್ ಗೇಮಿನಲ್ಲಿ ಫೋನ್ ವಾಲಿಸಿದರೆ ಕಾರು ತಿರುಗುತ್ತದಾ? ಇವೆಲ್ಲ ಅದೇ ಚಿಪ್ ಮಾಡುವ ಕೆಲಸ. ಇವು ನಡೆಯುತ್ತಿದ್ದರೆ ಸೆನ್ಸರ್ ಹೋಗಿದೆ ಅನ್ನುವ ಮಾತು ಅಲ್ಲಿಗೇ ಬಿತ್ತು.

ಯೂಟ್ಯೂಬ್‌ನಲ್ಲಿ ಬಟನ್ ಒತ್ತಿದರೆ ಅಡ್ಡ ಆಗುವುದು ಏನನ್ನು ಹೇಳುತ್ತದೆ ಅಂದರೆ, ಚಿತ್ರವನ್ನು ತಿರುಗಿಸಿ ತೋರಿಸುವ ಕೆಲಸ ಸರಿಯಾಗಿದೆ. ಆ ಬಟನ್ ಸೆನ್ಸರನ್ನು ಕೇಳುವುದೇ ಇಲ್ಲ, ನೇರವಾಗಿ ಅಡ್ಡ ಮಾಡು ಅಂತ ಹೇಳುತ್ತದೆ. ಹಾಗಾಗಿ ತೊಂದರೆ ಇರುವುದು "ಯಾವಾಗ ತಿರುಗಿಸಬೇಕು" ಅಂತ ತೀರ್ಮಾನ ಮಾಡುವ ಕಡೆ.

ಆ ತೀರ್ಮಾನ ಹೇಗಾಗುತ್ತದೆ ಅನ್ನುವುದನ್ನು ಜಾಸ್ತಿ ಜನ ಹೇಳುವುದಿಲ್ಲ. ಅಂಕಿ ಬದಲಾದ ತಕ್ಷಣ ಫೋನ್ ತಿರುಗಿಬಿಡುವುದಿಲ್ಲ. ಹಾಗೆ ಮಾಡಿದರೆ ಸ್ವಲ್ಪ ಕೈ ಅಲ್ಲಾಡಿದರೂ ಸ್ಕ್ರೀನ್ ಗಿರಗಿರ ತಿರುಗುತ್ತಿತ್ತು. ಆ್ಯಂಡ್ರಾಯ್ಡ್‌ನ ಮೂಲ ಕೋಡ್ ಯಾರು ಬೇಕಾದರೂ ಓದಬಹುದು, ಅದರಲ್ಲಿ ಈ ತೀರ್ಮಾನಕ್ಕೆ ಒಂದಷ್ಟು ನಿಯಮ ಬರೆದಿಟ್ಟಿದ್ದಾರೆ. ಫೋನ್ ಹೆಚ್ಚು ಕಡಿಮೆ ಮಲಗಿದ್ದರೆ ಏನೂ ಮಾಡಬೇಡ. ಟೇಬಲ್ ಮೇಲೆ ಇಟ್ಟುಕೊಂಡೇ ಸುತ್ತ ತಿರುಗಿಸಿ "ಕೆಲಸ ಮಾಡ್ತಿಲ್ಲ" ಅನ್ನುವವರು ಬಹಳ ಜನ ಇದ್ದಾರೆ. ಮಲಗಿದ ಫೋನಿಗೆ ಎಕ್ಸ್, ವೈ ಎರಡೂ ಸೊನ್ನೆ, ಅದಕ್ಕೆ ಯಾವ ಕಡೆ ಕೆಳಗೆ ಅಂತ ಗೊತ್ತಾಗುವ ದಾರಿಯೇ ಇಲ್ಲ. ಇನ್ನೊಂದು ನಿಯಮ, ಫೋನ್ ಜೋರಾಗಿ ಕುಲುಕುತ್ತಿದ್ದರೆ ಸುಮ್ಮನಿರು. ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ಸ್ಕ್ರೀನ್ ತಿರುಗಲು ಸತಾಯಿಸಿದರೆ ಅದು ಕೆಟ್ಟಿದೆ ಅಂತಲ್ಲ. ತಲೆಕೆಳಗಾಗಿ ಹಿಡಿದರೆ ಹೆಚ್ಚಿನ ಫೋನುಗಳು ತಿರುಗುವುದಿಲ್ಲ, ಅದೂ ಬೇಕೆಂದೇ ಮಾಡಿದ್ದು.

ಈಗ ನಿಮಗೆ ಬೇಕಾದ ನಿಯಮ. ಸ್ಕ್ರೀನ್ ಮೇಲೆ ಬೆರಳು ಇರುವ ತನಕ ತಿರುಗಿಸಬೇಡ, ಬೆರಳು ಎತ್ತಿದ ಮೇಲೂ ಸುಮಾರು ಅರ್ಧ ಸೆಕೆಂಡ್ ಕಾಯಿ. ಟೈಪ್ ಮಾಡುವಾಗ ಪಟ್ಟನೆ ಸ್ಕ್ರೀನ್ ತಿರುಗಿ ಎಲ್ಲೋ ಒತ್ತಿ ಹೋಗಬಾರದು ಅಂತ ಈ ಏರ್ಪಾಟು. ಕಂಪನಿಗಳು ತಮ್ಮ ಫೋನಿಗೆ ಬೇಕಾದ ಹಾಗೆ ಸ್ವಲ್ಪ ಬದಲಿಸಿರುತ್ತವೆ, ಆದ್ದರಿಂದ ಸರಿ ಇರುವ ಯಾವುದಾದರೂ ಫೋನ್ ಸಿಕ್ಕಿದರೆ ಮಾಡಿ ನೋಡಿ: ಖಾಲಿ ಜಾಗದಲ್ಲಿ ಹೆಬ್ಬೆರಳು ಒತ್ತಿ ಹಿಡಿದುಕೊಂಡೇ ಫೋನನ್ನು ಅಡ್ಡ ಮಾಡಿ. ನೆಟ್ಟಗೇ ಉಳಿಯುತ್ತದೆ. ಬೆರಳು ತೆಗೆದ ಮೇಲೆ ತಿರುಗುತ್ತದೆ.

ಹಾಗಾದರೆ ಹೊಸ ಡಿಸ್‌ಪ್ಲೇ ಯಾರೂ ಮುಟ್ಟದೆಯೇ "ಯಾರೋ ಮುಟ್ಟಿದ್ದಾರೆ" ಅಂತ ಫೋನಿಗೆ ಹೇಳುತ್ತಾ ಇದ್ದರೆ? ಫೋನ್ ಬೆರಳು ಏಳಲಿ ಅಂತ ಕಾಯುತ್ತಾ ಕೂರುತ್ತದೆ. ಇಲ್ಲದ ಬೆರಳು ಏಳುವುದು ಯಾವಾಗ? ಸ್ಕ್ರೀನ್ ತಿರುಗುವುದೇ ಇಲ್ಲ. ಆ ಸುಳ್ಳು ಸ್ಪರ್ಶ ನಿಂತಾಗ ಮತ್ತೆ ಸರಿಯಾಗುತ್ತದೆ. ನೀವು ಹೇಳಿದ ಅರ್ಧ ಗಂಟೆಯ ಕಥೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ರಿಪೇರಿ ಮಾಡುವವರು ಇದಕ್ಕೆ ಗೋಸ್ಟ್ ಟಚ್ ಅನ್ನುತ್ತಾರೆ. ಅಗ್ಗದ ಕಾಪಿ ಕಾಂಬೊ (ಡಿಸ್‌ಪ್ಲೇ, ಟಚ್ ಎರಡೂ ಸೇರಿದ ಭಾಗ) ಹಾಕಿದಾಗ, ಕನೆಕ್ಟರ್ ಪೂರ್ತಿ ಕೂರದಿದ್ದಾಗ, ಅಂಟು ಸರಿಯಾಗಿ ಹರಡದೆ ಒಂದು ಅಂಚು ಎದ್ದಿದ್ದಾಗ ಇದು ಬರುತ್ತದೆ. ಜೊತೆಗೆ ಇನ್ನೊಂದು ಲಕ್ಷಣ ನೋಡಿ. ಫೋಟೋ ಪಕ್ಕಕ್ಕೆ ಸರಿಸಲು ಹೋದರೆ ತಾನಾಗಿ ಜೂಮ್ ಆಗುತ್ತದಾ? ವಾಟ್ಸ್‌ಆ್ಯಪ್‌ನಲ್ಲಿ ನೀವು ಒತ್ತದ ಅಕ್ಷರ ಬೀಳುತ್ತದಾ? ಆಗುತ್ತಿದ್ದರೆ ನಿಮ್ಮ ಬೆರಳಿನ ಜೊತೆಗೆ ಇನ್ನೊಂದು ಬೆರಳು ಇದೆ ಅಂತ ಫೋನ್ ಅಂದುಕೊಂಡಿದೆ.

ಇದನ್ನು ಕಣ್ಣಾರೆ ನೋಡುವ ದಾರಿ ಫೋನಿನಲ್ಲೇ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್ ತೆರೆದು, ಬಿಲ್ಡ್ ನಂಬರ್ ಅನ್ನುವುದರ ಮೇಲೆ ಏಳು ಸಲ ಒತ್ತಿ. ಶಿಯೋಮಿ ಥರದ ಫೋನುಗಳಲ್ಲಿ ಬಿಲ್ಡ್ ನಂಬರ್ ಬದಲು ಅವರದೇ ಸಾಫ್ಟ್‌ವೇರ್ ಆವೃತ್ತಿಯ ಮೇಲೆ ಒತ್ತಬೇಕು. "ನೀವೀಗ ಡೆವಲಪರ್" ಅಂತ ಏನೋ ಬರುತ್ತದೆ, ಹೆದರಬೇಡಿ. ಈಗ ಡೆವಲಪರ್ ಆಪ್ಷನ್ಸ್ ಅಂತ ಹೊಸ ಮೆನು ಸಿಗುತ್ತದೆ. ಅದರಲ್ಲಿ ಪಾಯಿಂಟರ್ ಲೊಕೇಶನ್ ಆನ್ ಮಾಡಿ, ಬೇರೆ ಯಾವುದನ್ನೂ ಮುಟ್ಟಬೇಡಿ. ಸ್ಕ್ರೀನ್ ಮೇಲ್ಭಾಗದಲ್ಲಿ ಒಂದು ಪಟ್ಟಿ ಬರುತ್ತದೆ, ಎಡಗಡೆ ಪಿ ಅಕ್ಷರದ ಮುಂದೆ ಈಗ ಎಷ್ಟು ಬೆರಳು ಇದೆ ಅನ್ನುವ ಲೆಕ್ಕ ಇರುತ್ತದೆ. ಬೆರಳು ಓಡಿಸಿದಲ್ಲಿ ಗೆರೆ ಬೀಳುತ್ತದೆ. ಈಗ ಫೋನನ್ನು ಯಾವುದಕ್ಕಾದರೂ ಒರಗಿಸಿ ನಿಲ್ಲಿಸಿ ಕೈ ತೆಗೆಯಿರಿ. ಆ ಲೆಕ್ಕ ಸೊನ್ನೆಯಲ್ಲೇ ಇರಬೇಕು. ಯಾರೂ ಮುಟ್ಟದೆ ಒಂದಾಗುತ್ತಿದ್ದರೆ, ಅಂಚಿನಲ್ಲಿ ತಾನೇ ಗೆರೆ ಎಳೆದುಕೊಳ್ಳುತ್ತಿದ್ದರೆ, ಕಳ್ಳ ಸಿಕ್ಕಿದ. ಇನ್ನೊಂದು ಫೋನಿನಿಂದ ಅದರ ವಿಡಿಯೋ ಮಾಡಿಟ್ಟುಕೊಳ್ಳಿ, ಅಂಗಡಿಯಲ್ಲಿ ತೋರಿಸಲು ಬೇಕಾಗುತ್ತದೆ. ಸ್ಕ್ರೀನ್ ತಿರುಗದೆ ಹಠ ಹಿಡಿದಿರುವ ಹೊತ್ತಿನಲ್ಲೇ ನೋಡಬೇಕು, ಸರಿ ಇರುವಾಗ ನೋಡಿದರೆ ಏನೂ ಕಾಣುವುದಿಲ್ಲ.

ಪರೀಕ್ಷೆ ಮಾಡುವಾಗ ಚಾರ್ಜರ್ ತೆಗೆದಿರಿ. ಅಗ್ಗದ ಚಾರ್ಜರ್‌ನಿಂದ ಬರುವ ವಿದ್ಯುತ್ ಗದ್ದಲವೇ ಟಚ್ ಕೆಡಿಸುತ್ತದೆ. ಸ್ಕ್ರೀನ್ ಒಣಗಿರಲಿ, ನಿಮ್ಮ ಕಡೆಯ ಮಳೆಗಾಲದಲ್ಲಿ ಫೋನಿನ ಮೇಲೆ ಒಂದು ತೇವದ ಪಸೆ ಸದಾ ಇರುತ್ತದೆ. ಕವರ್ ತೆಗೆದು ನೋಡಿ, ಟೆಂಪರ್ಡ್ ಗ್ಲಾಸ್ ತೆಗೆದು ನೋಡಿ. ಕವರ್‌ನ ಅಂಚು ಡಿಸ್‌ಪ್ಲೇಯನ್ನು ಒತ್ತುತ್ತಿದ್ದು, ಅದನ್ನು ತೆಗೆದ ಕೂಡಲೇ ಎಲ್ಲ ಸರಿಹೋದರೆ ನಿಮ್ಮ ಅದೃಷ್ಟ. ಎಲ್ಲ ಮುಗಿದ ಮೇಲೆ ಡೆವಲಪರ್ ಆಪ್ಷನ್ಸ್ ಪೂರ್ತಿ ಆಫ್ ಮಾಡಿಬಿಡಿ, ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯಲು ಒಪ್ಪುವುದಿಲ್ಲ.

ಅಂಗಡಿಯವರು ಸೆನ್ಸರ್ ಅಂದದ್ದು ಬೇರೆ ಯಾವುದೋ ಇರಬಹುದು ಅಂತಲೂ ನನಗೆ ಅನುಮಾನ. ಡಿಸ್‌ಪ್ಲೇ ಬಿಚ್ಚಿ ಹಾಕುವಾಗ ಕೈಗೆ ಸಿಗುವ ಸೆನ್ಸರ್ ಅಂದರೆ ಪ್ರಾಕ್ಸಿಮಿಟಿ, ಅಂದರೆ ಫೋನ್ ಕಿವಿಗೆ ಹಿಡಿದಾಗ ಸ್ಕ್ರೀನ್ ಆರಿಸುವಂಥದ್ದು. ಅದಿರುವುದು ಮೇಲ್ಗಡೆ ಇಯರ್‌ಪೀಸ್ ಪಕ್ಕ, ಅಲ್ಲಿ ಧೂಳು ಕೂತರೆ, ಪಟ್ಟಿ ಸರಿದರೆ ಕರೆ ಮಾಡುವಾಗ ತೊಂದರೆ ಬರುತ್ತದೆ. ಅದಕ್ಕೂ ಸ್ಕ್ರೀನ್ ತಿರುಗುವುದಕ್ಕೂ ಸಂಬಂಧ ಇಲ್ಲ. ಆದ್ದರಿಂದ "ಸೆನ್ಸರ್ ಫ್ಲೆಕ್ಸ್ (ಸೆನ್ಸರ್ ಜೋಡಿಸುವ ತೆಳು ಪಟ್ಟಿ) ಬದಲಿಸೋಣ" ಅಂದರೆ ಯಾವ ಸೆನ್ಸರ್ ಅಂತ ಕೇಳಿ.

ಸರಿ, ಟಚ್ ಚೆನ್ನಾಗಿದೆ, ಗೋಸ್ಟ್ ಟಚ್ ಏನೂ ಇಲ್ಲ, ಫೈಫಾಕ್ಸ್‌ನಲ್ಲಿ ಅಂಕಿಯೂ ಓಡುತ್ತಿದೆ, ಆದರೂ ತಿರುಗುತ್ತಿಲ್ಲ ಅಂತಿಟ್ಟುಕೊಳ್ಳಿ. ಆಗ ಸಾಫ್ಟ್‌ವೇರ್ ಕಡೆ ನೋಡಬೇಕು. ಇಲ್ಲಿ ಮೊದಲ ಪ್ರಶ್ನೆ, ಯಾವ ಆ್ಯಪ್‌ನಲ್ಲಿ ನೋಡಿದಿರಿ? ಎಲ್ಲ ಆ್ಯಪ್ ತಿರುಗುವುದಿಲ್ಲ. ನಾನು ನೆಟ್ಟಗೆ ಮಾತ್ರ ನಿಲ್ಲುತ್ತೇನೆ ಅಂತ ಆ್ಯಪ್ ಮಾಡುವವರೇ ಬರೆದಿಟ್ಟಿರಬಹುದು. ಫೋನಿನಲ್ಲಿ ಇನ್‌ಸ್ಟಾಗ್ರಾಮ್ ಹಾಗೆ, ದುಡ್ಡು ಕಳಿಸುವ ಯುಪಿಐ ಆ್ಯಪ್‌ಗಳೂ ಹೆಚ್ಚಾಗಿ ಹಾಗೇ. 2025ರಲ್ಲಿ ಬಂದ ಆ್ಯಂಡ್ರಾಯ್ಡ್ 16 ಈ ಹಠಕ್ಕೆ ಕಡಿವಾಣ ಹಾಕಿದೆ, ಆದರೆ ಅದು ಟ್ಯಾಬ್ಲೆಟ್‌ನಂಥ ದೊಡ್ಡ ಸ್ಕ್ರೀನಿಗೆ ಮಾತ್ರ, ಮಾಮೂಲಿ ಫೋನಿಗೆ ಅಲ್ಲ. ಹೋಮ್ ಸ್ಕ್ರೀನ್ ತಿರುಗುತ್ತಿಲ್ಲ ಅನ್ನುವ ದೂರಂತೂ ದಿನಾ ಬರುತ್ತದೆ. ಅದಕ್ಕೆ ಬೇರೆಯೇ ಸ್ವಿಚ್ ಇದೆ, ಹೋಮ್ ಸ್ಕ್ರೀನಿನ ಖಾಲಿ ಜಾಗದಲ್ಲಿ ಒತ್ತಿ ಹಿಡಿದು ಅದರ ಸೆಟ್ಟಿಂಗ್ಸ್‌ನಲ್ಲಿ ಹುಡುಕಬೇಕು. ಸ್ಯಾಮ್‌ಸಂಗ್, ಗೂಗಲ್‌ನ ಪಿಕ್ಸೆಲ್ ಎರಡರಲ್ಲೂ ಇದೆ, ಕೆಲವು ಫೋನುಗಳಲ್ಲಿ ಇಲ್ಲವೇ ಇಲ್ಲ. ಪರೀಕ್ಷೆ ಮಾಡುವುದಾದರೆ ಕ್ರೋಮ್ ತೆರೆದು ಯಾವುದಾದರೂ ಪುಟದಲ್ಲಿ ನೋಡಿ, ಅಥವಾ ಗ್ಯಾಲರಿಯಲ್ಲಿ ಒಂದು ಫೋಟೋ ತೆರೆದು ನೋಡಿ.

ಒಂದು ಚಿಕ್ಕ ಉಪಾಯ. ಆಟೊ ರೊಟೇಟ್ ಬೇಕೆಂದೇ ಆಫ್ ಮಾಡಿ, ಕ್ರೋಮ್ ತೆರೆದು ಫೋನ್ ಅಡ್ಡ ಮಾಡಿ. ಆ್ಯಂಡ್ರಾಯ್ಡ್ 9ರಿಂದ ಈಚೆಗೆ ಸ್ಕ್ರೀನಿನ ಕೆಳ ಮೂಲೆಯಲ್ಲಿ ಒಂದು ಸಣ್ಣ ತಿರುಗುವ ಗುರುತು ಬರುತ್ತದೆ, ಅದನ್ನು ಒತ್ತಿದರೆ ತಿರುಗುತ್ತದೆ. ಅದು ಬಂತು ಅಂದರೆ ಸೆನ್ಸರ್, ತೀರ್ಮಾನ ಎರಡೂ ಸರಿ ಇವೆ. ನನ್ನ ಕೇಳಿದರೆ ದಿನನಿತ್ಯಕ್ಕೂ ಇದೇ ಒಳ್ಳೆಯದು. ಮಲಗಿಕೊಂಡು ಓದುವಾಗ ಸ್ಕ್ರೀನ್ ಸುಮ್ಸುಮ್ನೆ ತಿರುಗುವ ಕಾಟ ಇರುವುದಿಲ್ಲ.

ಸ್ವಿಚ್ಚಿನ ಬಗ್ಗೆಯೂ ಒಂದು ಮಾತು. ಸ್ಯಾಮ್‌ಸಂಗ್‌ನಲ್ಲಿ ಆಟೊ ರೊಟೇಟ್ ಆಫ್ ಆದರೆ ಅದೇ ಬಟನ್ ಹೆಸರು ಬದಲಿಸಿಕೊಂಡು ಪೋರ್ಟ್ರೇಟ್ ಅಂತ ಕೂರುತ್ತದೆ. ಅದನ್ನು ನೋಡಿ ಆಟೊ ರೊಟೇಟ್ ಬಟನ್ನೇ ಮಾಯವಾಯಿತು ಅಂತ ಹುಡುಕುವವರಿದ್ದಾರೆ. ಪಿಕ್ಸೆಲ್ ಇರುವವರಿಗೆ ಆ್ಯಂಡ್ರಾಯ್ಡ್ 12ರಿಂದ ಮುಖ ನೋಡಿ ತಿರುಗುವ ಸೌಲಭ್ಯ ಇದೆ, ಮುಂದಿನ ಕ್ಯಾಮೆರಾದಿಂದ ನಿಮ್ಮ ಮುಖ ಯಾವ ಕಡೆ ಇದೆ ಅಂತ ನೋಡಿ ತೀರ್ಮಾನ ಮಾಡುತ್ತದೆ. ಅದು ಆನ್ ಇದ್ದು ನೀವು ಪಕ್ಕಕ್ಕೆ ಹೊರಳಿ ಮಲಗಿದ್ದರೆ ಸ್ಕ್ರೀನ್ ತಿರುಗಬಾರದು, ಅದೇ ಅದರ ಉದ್ದೇಶ.

ಇನ್ನೊಂದು ಅಡಗಿದ ಸ್ವಿಚ್ ಇದೆ, ಸೆನ್ಸರ್ಸ್ ಆಫ್ ಅಂತ. ಆ್ಯಂಡ್ರಾಯ್ಡ್ 10ರಲ್ಲಿ ಬಂದದ್ದು. ಡೆವಲಪರ್ ಆಪ್ಷನ್ಸ್ ಒಳಗಿಂದ ಅದನ್ನು ಮೇಲಿನ ಬಟನ್‌ಗಳ ಸಾಲಿಗೆ ತಂದುಕೊಳ್ಳಬಹುದು. ಅದನ್ನು ಒತ್ತಿದರೆ ಆಕ್ಸೆಲರೊಮೀಟರ್ ಮಾತ್ರ ಅಲ್ಲ, ಕ್ಯಾಮೆರಾ, ಮೈಕ್ ಕೂಡ ಬಂದ್. ನಿಮ್ಮದಕ್ಕೆ ಇದು ಹೊಂದುವುದಿಲ್ಲ. ಆದರೆ ಮಕ್ಕಳ ಕೈಗೆ ಫೋನ್ ಕೊಟ್ಟ ಮೇಲೆ ಸ್ಕ್ರೀನೂ ತಿರುಗುತ್ತಿಲ್ಲ, ಕ್ಯಾಮೆರಾವೂ ತೆರೆಯುತ್ತಿಲ್ಲ ಅಂತ ಬಂದರೆ ನಾನು ಮೊದಲು ನೋಡುವುದು ಇದನ್ನೇ.

ನಂತರ ಬೇರೆ ಆ್ಯಪ್‌ಗಳ ಹಾವಳಿ. ಸ್ಕ್ರೀನ್ ತಿರುಗಿಸುವ, ಲಾಕ್ ಮಾಡುವ, ಪಕ್ಕದಲ್ಲಿ ತೇಲುವ ಬಟನ್ ಕೊಡುವ ಆ್ಯಪ್‌ಗಳು ಯಾವಾಗಲೋ ಹಾಕಿಕೊಂಡದ್ದು ಮರೆತೇ ಹೋಗಿರುತ್ತದೆ. ಇದನ್ನು ಹಿಡಿಯಲು ಸೇಫ್ ಮೋಡ್ ಇದೆ. ಹೆಚ್ಚಿನ ಫೋನುಗಳಲ್ಲಿ ಪವರ್ ಮೆನು ತಂದು ಪವರ್ ಆಫ್ ಅನ್ನುವುದರ ಮೇಲೆ ಒತ್ತಿ ಹಿಡಿದರೆ ಸೇಫ್ ಮೋಡ್ ಬೇಕಾ ಅಂತ ಕೇಳುತ್ತದೆ. ಅದರಲ್ಲಿ ಫೋನಿನ ಜೊತೆ ಬಂದ ಆ್ಯಪ್‌ಗಳು ಮಾತ್ರ ನಡೆಯುತ್ತವೆ. ಅಲ್ಲಿ ಚೆನ್ನಾಗಿ ತಿರುಗಿದರೆ ತಪ್ಪು ನೀವು ಹಾಕಿಕೊಂಡ ಯಾವುದೋ ಆ್ಯಪ್‌ನದು. ಸೆಟ್ಟಿಂಗ್ಸ್‌ನ ಸ್ಪೆಷಲ್ ಆ್ಯಪ್ ಆಕ್ಸೆಸ್ ಒಳಗೆ ಮಾಡಿಫೈ ಸಿಸ್ಟಮ್ ಸೆಟ್ಟಿಂಗ್ಸ್ ಅನುಮತಿ ಯಾವ ಆ್ಯಪ್‌ಗಳಿಗೆ ಇದೆ ಅಂತ ಪಟ್ಟಿ ಸಿಗುತ್ತದೆ. ಆಟೊ ರೊಟೇಟ್ ತಾನಾಗಿ ಆಫ್ ಆಗುತ್ತಿದೆ ಅನ್ನುವವರು ಆ ಪಟ್ಟಿಯಿಂದಲೇ ಶುರು ಮಾಡಿ. ರೀಸ್ಟಾರ್ಟ್ ಮಾಡಿದರೆ ಸೇಫ್ ಮೋಡ್‌ನಿಂದ ಹೊರಬರುತ್ತೀರಿ, ಏನೂ ಅಳಿಸಿಹೋಗುವುದಿಲ್ಲ.

ಇಂಟರ್ನೆಟ್‌ನಲ್ಲಿ ಸಿಗುವ ಒಂದು ಸಲಹೆ ಬಗ್ಗೆ ಹೇಳಿಬಿಡುತ್ತೇನೆ: ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿ, ಕ್ಯಾಲಿಬ್ರೇಟ್ ಆಗುತ್ತದೆ ಅನ್ನುವುದು. ಅದು ದಿಕ್ಸೂಚಿಗೆ. ಮ್ಯಾಪ್‌ನಲ್ಲಿ ನೀಲಿ ಬಾಣ ತಪ್ಪು ದಿಕ್ಕು ತೋರಿಸಿದಾಗ ಮಾಡುವ ಕೆಲಸ. ದಿಕ್ಸೂಚಿ ಬೇರೆ ಸೆನ್ಸರ್, ಸ್ಕ್ರೀನ್ ತಿರುಗುವುದಕ್ಕೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಕೈ ನೋವು ಬರುತ್ತದೆ ಅಷ್ಟೇ. ಮ್ಯಾಗ್ನೆಟ್ ಇರುವ ಕಾರ್ ಹೋಲ್ಡರ್‌ನಿಂದ ರೊಟೇಶನ್ ಕೆಡುತ್ತದೆ ಅನ್ನುವುದೂ ಹಾಗೇ, ಕೆಡುವುದಿದ್ದರೆ ದಿಕ್ಸೂಚಿ.

ಇನ್ನು ಕೆಟ್ಟ ಸುದ್ದಿಯ ಸಾಧ್ಯತೆ. ಫೈಫಾಕ್ಸ್‌ನಲ್ಲಿ ಮೂರೂ ಗೆರೆ ಸೊನ್ನೆಯಲ್ಲಿ ಮಲಗಿವೆ, ಅಥವಾ ಫೋನ್ ಹೇಗೆ ತಿರುಗಿಸಿದರೂ ಒಂದೇ ಅಂಕಿಗೆ ಅಂಟಿಕೊಂಡಿವೆ, ಅಥವಾ ಈ ಸೆನ್ಸರ್ ನಿಮ್ಮ ಫೋನಿನಲ್ಲಿ ಇಲ್ಲ ಅಂತಲೇ ಹೇಳುತ್ತದೆ. ಒಮ್ಮೆ ರೀಸ್ಟಾರ್ಟ್ ಮಾಡಿ, ಸೆನ್ಸರ್ ಓದುವ ಒಳಗಿನ ಸೇವೆ ಸಿಕ್ಕಿಹಾಕಿಕೊಂಡಿದ್ದರೆ ಅಷ್ಟಕ್ಕೇ ಬಿಡುತ್ತದೆ. ಆದರೂ ಹಾಗೇ ಇದ್ದರೆ, ಸೇಫ್ ಮೋಡ್‌ನಲ್ಲೂ ಹಾಗೇ ಇದ್ದರೆ, ಅಂಗಡಿಯವರು ಹೇಳಿದ್ದು ಸರಿ ಇರಬಹುದು. ಬಿದ್ದ ಪೆಟ್ಟು, ಒಳಗೆ ಹೋದ ನೀರು ಇವು ಮಾಮೂಲಿ ಕಾರಣ. ಜಾಸ್ತಿ ಜನರಿಗೆ ಗೊತ್ತಿಲ್ಲದ ಇನ್ನೊಂದಿದೆ: ನೀರು ಬಿದ್ದ ಬೋರ್ಡನ್ನು ಕೆಲವು ಅಂಗಡಿಗಳಲ್ಲಿ ಅಲ್ಟ್ರಾಸಾನಿಕ್ ಕ್ಲೀನರ್‌ನಲ್ಲಿ ತೊಳೆಯುತ್ತಾರೆ. ಆ ಕಂಪನಕ್ಕೆ ಚಿಪ್ ಒಳಗೆ ತೂಗಾಡುವ ತುಂಡು ಮುರಿಯಬಹುದು ಅಥವಾ ಅಂಟಿಕೊಳ್ಳಬಹುದು. ಈ ಸೆನ್ಸರ್ ಮಾಡುವ ಕಂಪನಿಗಳೇ ಹಾಗೆ ತೊಳೆಯಬೇಡಿ ಅಂತ ಹೇಳುತ್ತವೆ. ನೀರು ಬಿದ್ದು ರಿಪೇರಿಯಾದ ಫೋನ್, ಎಲ್ಲ ಸರಿಯಾಯಿತು, ರೊಟೇಶನ್ ಮಾತ್ರ ಹೋಯಿತು ಅಂದರೆ ತೊಳೆದಿರಾ ಅಂತ ಕೇಳಬೇಕು. ಸೆಕೆಂಡ್ ಹ್ಯಾಂಡ್ ಫೋನ್ ಕೊಂಡವರಿಗೆ ಬೇರೆಯೇ ಒಂದು ಸಮಸ್ಯೆ. ಹಿಂದಿನವರು ಕಸ್ಟಮ್ ರಾಮ್ (ROM), ಅಂದರೆ ಕಂಪನಿಯದಲ್ಲದ ಬೇರೆ ಆ್ಯಂಡ್ರಾಯ್ಡ್, ಹಾಕಲು ಹೋಗಿ ಫೋನಿನ ಮೆಮೊರಿಯಲ್ಲಿ ಪರ್ಸಿಸ್ಟ್ ಅನ್ನುವ ವಿಭಾಗ ಕೆಡಿಸಿದ್ದರೆ, ಸೆನ್ಸರ್‌ಗಳ ಅಳತೆಯ ಮಾಹಿತಿ ಅಲ್ಲೇ ಇರುವುದರಿಂದ, ಒಂದಲ್ಲ, ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಮಲಗುತ್ತವೆ. ಚಿಪ್ ಚೆನ್ನಾಗಿಯೇ ಇರುತ್ತದೆ.

ಚಿಪ್ಪೇ ಹೋಗಿದ್ದರೂ ಪೂರ್ತಿ ಬೋರ್ಡ್ ಬದಲಿಸಲೇಬೇಕು ಅಂತಿಲ್ಲ. ಚಿಪ್ ಲೆವೆಲ್ ಕೆಲಸ ಗೊತ್ತಿರುವವರು ಹಾಟ್ ಏರ್‌ನಲ್ಲಿ ಅದೊಂದನ್ನೇ ತೆಗೆದು ಬೇರೆ ಕೂರಿಸುತ್ತಾರೆ. ಚಿಪ್ ದುಬಾರಿಯಲ್ಲ, ಕೈಕೆಲಸಕ್ಕೆ ದುಡ್ಡು. ಆದರೆ ಎಲ್ಲರಿಗೂ ಬರುವ ಕೆಲಸ ಅಲ್ಲ, ಪಕ್ಕದ ಚಿಪ್ ಬಿಸಿಯಾಗಿ ಫೋನೇ ಹೋಗುವ ಅಪಾಯ ಇದೆ. ಎರಡೂವರೆ ವರ್ಷದ ಫೋನಿಗೆ, ಸ್ಕ್ರೀನ್ ತಿರುಗುವುದೊಂದಕ್ಕಾಗಿ, ನಾನಾದರೆ ಆ ಸಾಹಸಕ್ಕೆ ಕೈ ಹಾಕುವುದಿಲ್ಲ. ಬೋರ್ಡ್ ಬದಲಿಸುವುದಂತೂ ಇನ್ನೂ ಬೇಡ. ಬೋರ್ಡ್ ಬದಲಾದರೆ ಫೋನಿನಲ್ಲಿರುವ ಫೋಟೋ, ಚಾಟ್ ಎಲ್ಲವೂ ಹಳೆಯ ಬೋರ್ಡ್ ಜೊತೆಗೇ ಹೋಗುತ್ತವೆ. ಬದಲಿಗೆ ಯೂಟ್ಯೂಬ್‌ನಲ್ಲಿ ಆ ಮೂಲೆಯ ಬಟನ್ ಇದ್ದೇ ಇದೆ. ಉಳಿದ ಕಡೆ ಬೇಕಾದರೆ ರೊಟೇಶನ್ ಕಂಟ್ರೋಲ್ ಥರದ ಒಂದು ಆ್ಯಪ್ ಹಾಕಿಕೊಂಡರೆ ಬೇಕಾದಾಗ ಅಡ್ಡ ಮಾಡಿಕೊಳ್ಳಬಹುದು. ಮೇಲೆ ಬೈದ ಆ್ಯಪ್‌ಗಳೇ ಇಲ್ಲಿ ಕೆಲಸಕ್ಕೆ ಬರುತ್ತವೆ, ಜಾಹೀರಾತು ಸುರಿಸದೆ ಇರುವಂಥದ್ದನ್ನು ನೋಡಿ ಆರಿಸಿ.

ಫ್ಯಾಕ್ಟರಿ ರಿಸೆಟ್ ಯಾಕೆ ಬೇಡ ಅಂದೆ? ಅಂಕಿ ಓಡುತ್ತಿದ್ದರೆ ಅದರ ಅಗತ್ಯವಿಲ್ಲ, ಅಂಕಿ ಸತ್ತಿದ್ದರೆ ಹೆಚ್ಚಾಗಿ ಅದರಿಂದ ಪ್ರಯೋಜನವಿಲ್ಲ. ಗೋಸ್ಟ್ ಟಚ್ ಇದ್ದರಂತೂ ರಿಸೆಟ್ ಮಾಡಿದ ಹೊಸ ಫೋನಿನಲ್ಲೂ ಅದೇ ಡಿಸ್‌ಪ್ಲೇ. ಜೊತೆಗೆ ರಿಸೆಟ್ ಆದ ಮೇಲೆ ಫೋನ್ ಹಳೆಯ ಗೂಗಲ್ ಅಕೌಂಟ್‌ನ ಪಾಸ್‌ವರ್ಡ್ ಕೇಳಬಹುದು, ಅದು ನೆನಪಿಲ್ಲದೆ ಒದ್ದಾಡುವವರು ಒಬ್ಬಿಬ್ಬರಲ್ಲ. ಸೆಟ್ಟಿಂಗ್ಸ್ ಏನೋ ಕೆಟ್ಟಿದೆ ಅನ್ನಿಸಿದರೆ ಕೆಲವು ಫೋನುಗಳಲ್ಲಿ ಸೆಟ್ಟಿಂಗ್ಸ್ ಮಾತ್ರ ರಿಸೆಟ್ ಮಾಡುವ ಆಯ್ಕೆ ಇದೆ, ಫೋಟೋ, ಆ್ಯಪ್ ಎಲ್ಲ ಉಳಿಯುತ್ತವೆ.

ಮನೆಯಲ್ಲಿ ಐಫೋನ್ ಇರುವವರಿಗೆ ಎರಡು ಮಾತು. ಮೇಲಿನ ಬಲ ಮೂಲೆಯಿಂದ ಕೆಳಗೆ ಎಳೆಯಿರಿ, ಹೋಮ್ ಬಟನ್ ಇರುವ ಹಳೆಯದಾದರೆ ಕೆಳಗಿಂದ ಮೇಲೆ. ಬೀಗದ ಸುತ್ತ ಬಾಣ ಇರುವ ಗುರುತು ಹೊತ್ತಿಕೊಂಡಿದ್ದರೆ ಅದನ್ನು ಒತ್ತಿ ಆರಿಸಿ, ಐಫೋನಿನ ದೂರುಗಳಲ್ಲಿ ಬಹುಪಾಲು ಇಷ್ಟಕ್ಕೇ ಮುಗಿಯುತ್ತವೆ. ಯೂ‌ಟ್ಯೂಬ್‌ಗೆ ಮಾತ್ರ ತಿರುಗಲಿ, ಉಳಿದಾಗ ಬೇಡ ಅನ್ನುವವರು ಶಾರ್ಟ್‌ಕಟ್ಸ್ ಆ್ಯಪ್‌ನಲ್ಲಿ, ಈ ಆ್ಯಪ್ ತೆರೆದಾಗ ಓರಿಯಂಟೇಶನ್ ಲಾಕ್ ತೆಗೆ, ಮುಚ್ಚಿದಾಗ ಹಾಕು ಅಂತ ಬರೆದಿಡಬಹುದು. ಐಒಎಸ್ 14.5ರಿಂದ ಇದೆ. ಸ್ಯಾಮ್‌ಸಂಗ್‌ನಲ್ಲಿ ಇದೇ ಕೆಲಸಕ್ಕೆ ರೂಟೀನ್ಸ್ ಅಂತ ಇದೆ.

ಈಗ ನಿಮ್ಮ ಅಂಗಡಿಯ ವಿಷಯ. ಪಾಯಿಂಟರ್ ಲೊಕೇಶನ್‌ನಲ್ಲಿ ಗೋಸ್ಟ್ ಟಚ್ ಕಂಡರೆ ಆ ವಿಡಿಯೋ ತೋರಿಸಿ. ಜಗಳಕ್ಕೆ ಹೋಗಬೇಡಿ, ಪಾಪ ಅವರಿಗೂ ಹೋಲ್‌ಸೇಲ್‌ನಲ್ಲಿ ಬಂದ ಮಾಲು ಹೇಗಿದೆಯೋ ಹಾಗೆ. ಮೊದಲು ಕನೆಕ್ಟರ್ ತೆಗೆದು ಸ್ವಚ್ಛ ಮಾಡಿ ಮತ್ತೆ ಕೂರಿಸಲು ಹೇಳಿ. ಅದರಿಂದ ಆಗದಿದ್ದರೆ ಡಿಸ್‌ಪ್ಲೇ ಬದಲಿಸಿಕೊಡಲು ಕೇಳಿ. ಹೊಸದನ್ನು ಅಂಟಿಸುವ ಮೊದಲೇ, ಸುಮ್ಮನೆ ಕನೆಕ್ಟರ್ ಸಿಕ್ಕಿಸಿ ಫೋನ್ ಆನ್ ಮಾಡಿ, ನಾಲ್ಕೂ ಅಂಚಿನಲ್ಲಿ ಟಚ್ ಮತ್ತು ರೊಟೇಶನ್ ಎರಡನ್ನೂ ನಿಮ್ಮೆದುರೇ ನೋಡಲಿ. ಒಳ್ಳೆಯ ಮೆಕ್ಯಾನಿಕ್ ಹೇಗಿದ್ದರೂ ಹಾಗೇ ಮಾಡುತ್ತಾರೆ. ಬಿಲ್ಲಿನಲ್ಲಿ ಡಿಸ್‌ಪ್ಲೇಗೆ ವಾರಂಟಿ ಬರೆದಿದ್ದು ಈಗ ಬದಲಿಸಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ಲೇ ಇಲ್ಲ ಅಂದರೆ ಮಾತಿನಲ್ಲೇ ಬಗೆಹರಿಸಿಕೊಳ್ಳಬೇಕು.

ಫೈಫಾಕ್ಸ್‌ನಲ್ಲಿ ಫೋನ್ ಮಲಗಿಸಿದಾಗ, ನಿಲ್ಲಿಸಿದಾಗ, ಅಡ್ಡ ಮಾಡಿದಾಗ ಬಂದ ಅಂಕಿ, ಮತ್ತೆ ಕೈ ತೆಗೆದಾಗ ಪಿ ಮುಂದೆ ಏನಿತ್ತು ಅನ್ನುವುದು, ಇಷ್ಟು ಬರೆದು ಕಳಿಸಿ. ಫೋನಿನ ಮಾಡೆಲ್ ಕೂಡ ಹೇಳಿ. ಮುಂದೆ ಏನು ಮಾಡಬೇಕು ಅಂತ ಆಗ ಹೇಳುತ್ತೇನೆ.